ಅಮ್ಮನ ವೃದ್ಧಾಶ್ರಮದಲ್ಲಿ ಆರೈಕೆ ಸರಿಯಾಗಿದೆಯೋ ಇಲ್ಲವೋ, ಹೇಗೆ ತಿಳಿಯೋದು?

ಹಿರಿಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮ ವೃದ್ಧಾಶ್ರಮ ಸೇರಿ ವರ್ಷ ದಾಟಿತು. ಮರೆವಿನ ಕಾಯಿಲೆ ಇದೆ, ಈಗ ಓಡಾಡಲೂ ಆಗುವುದಿಲ್ಲ. ಸೇರಿಸಿದ್ದು ಸರಿಯೋ ತಪ್ಪೋ ಎಂಬ ಮಾತು ದಯವಿಟ್ಟು ಬೇಡ. ಅದನ್ನು ನಾವು ಅಕ್ಕತಂಗಿಯರು ಅತ್ತು, ಜಗಳವಾಡಿ ಮುಗಿಸಿದ್ದೇವೆ.

ಜಾಗ ನೋಡಲು ಚೆನ್ನಾಗಿದೆ. ನೆಲ ಹೊಳೆಯುತ್ತದೆ. ಎಲ್ಲರೂ ನಗುನಗುತ್ತಾ ಮಾತಾಡಿಸುತ್ತಾರೆ. ಆದರೂ ಕೆಲವು ವಿಷಯಗಳು ಮನಸ್ಸಿನಿಂದ ಹೋಗುತ್ತಿಲ್ಲ. ಅಮ್ಮನ ಬಟ್ಟೆಗಳೆಲ್ಲ ಸಡಿಲವಾಗಿವೆ, ತೂಕ ಇಳಿದಿರುವುದು ಕಣ್ಣಿಗೇ ಕಾಣುತ್ತದೆ. ಬಲಗಾಲಿನ ಹಿಮ್ಮಡಿ ಮುಟ್ಟಿದರೆ ಬೆಚ್ಚಗಿತ್ತು, ಬಣ್ಣವೂ ಬೇರೆಯಾಗಿತ್ತು. ಹೊರಗೆ ಇನ್ನೂ ಬಿಸಿಲಿರುವಾಗಲೇ ರಾತ್ರಿ ಬಟ್ಟೆ ಹಾಕಿಸಿ ಮಲಗಿಸಿರುತ್ತಾರೆ. ಕರೆಗಂಟೆಯ ಸ್ವಿಚ್ ಕೈಗೆ ಎಟುಕದ ಹಾಗೆ ಹಿಂದೆ ನೇತಾಡುತ್ತಿರುತ್ತದೆ. ಕೇಳಿದರೆ "ವಯಸ್ಸಾಯಿತಲ್ಲ ಮೇಡಂ, ಹೀಗೇ ಆಗೋದು" ಅನ್ನುತ್ತಾರೆ.

ಇದರಲ್ಲಿ ವಯಸ್ಸಿನಿಂದ ಆಗಿದ್ದು ಯಾವುದು, ಸರಿಯಾಗಿ ನೋಡಿಕೊಳ್ಳದೆ ಆಗಿದ್ದು ಯಾವುದು? ಇನ್ನೊಂದು ಭಯವೂ ಇದೆ. ನಾನು ಜೋರು ಮಾಡಿ ಬಂದರೆ, ಆ ಸಿಟ್ಟನ್ನು ಅಮ್ಮನ ಮೇಲೆ ತೀರಿಸಿಕೊಂಡರೆ? ಏನಾಯಿತು ಅಂತ ಹೇಳಲು ಅಮ್ಮನಿಗೆ ಬರುವುದಿಲ್ಲ.

ನಿವೃತ್ತ ಸಿಸ್ಟರ್

ಮೊದಲು ಹಿಮ್ಮಡಿ ನೋಡಮ್ಮ, ಉಳಿದದ್ದು ಆಮೇಲೆ.

ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡು. ಒತ್ತಿದ ಕಡೆ ಬಿಳಿಚಿಕೊಂಡು ಮತ್ತೆ ಬಣ್ಣ ಬಂದರೆ ಅಲ್ಲಿ ರಕ್ತ ಓಡಾಡುತ್ತಿದೆ. ಬಿಳಿಚದೆ ಹಾಗೇ ಇದ್ದರೆ ಅದು ಬೆಡ್‌ಸೋರ್‌ನ, ಅಂದರೆ ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣಿನ, ಮೊದಲ ಹಂತ. ಕಂದು ಅಥವಾ ಕಪ್ಪು ಚರ್ಮದಲ್ಲಿ ಈ ಬದಲಾವಣೆ ಸುಲಭವಾಗಿ ಕಾಣುವುದಿಲ್ಲ. ಹಾಗಾಗಿ ಕಣ್ಣನ್ನೊಂದೇ ನಂಬಬೇಡ. ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮೆತ್ತಗಿದೆಯಾ, ಮುಟ್ಟಿದರೆ ಅಮ್ಮ ಕಾಲು ಎಳೆದುಕೊಳ್ಳುತ್ತಾರಾ ನೋಡು. ನೇರಳೆ ಅಥವಾ ಕಡುಗಪ್ಪು ಬಣ್ಣಕ್ಕೆ ತಿರುಗಿದ್ದರೆ ಮೇಲಿನ ಚರ್ಮ ಒಡೆಯದಿದ್ದರೂ ಒಳಗೆ ಮಾಂಸಕ್ಕೆ ಪೆಟ್ಟಾಗಿರಬಹುದು. ಆಗ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಇದಕ್ಕೆ 4 ಹಂತ ಇದೆ. ನಾಲ್ಕನೆಯದು ಮೂಳೆಯವರೆಗೂ ಹೋಗುತ್ತದೆ. ಮೊದಲ ಹಂತದಲ್ಲೇ ಹಿಡಿದರೆ ಭಾರ ತೆಗೆದರೆ ಸಾಕು, ಸಾಮಾನ್ಯವಾಗಿ ವಾಸಿಯಾಗುತ್ತದೆ.

ಭಾರ ತೆಗೆಯೋದು ಅಂದರೆ, ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ಇರುವ ಹಾಗೆ ಮಾಡೋದು. ಆ ಜಾಗವನ್ನು ಉಜ್ಜಬೇಡ, ಎಣ್ಣೆ ಹಚ್ಚಿ ತಿಕ್ಕಬೇಡ. ನಡುವೆ ತೂತಿರುವ ರಬ್ಬರ್ ರಿಂಗ್ ಇಡುವುದೂ ಬೇಡ, ಅದು ಸುತ್ತಲಿನ ರಕ್ತ ಓಡಾಟ ತಡೆಯುತ್ತದೆ. ಏರ್‌ಬೆಡ್ ಹಾಕಿದ್ದೇವೆ, ಇನ್ನು ಮಗ್ಗುಲು ಬದಲಿಸೋದು ಬೇಡ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ, ಬದಲಿಸಲೇಬೇಕು. ನಾವು ಕಲಿತದ್ದು 2 ಗಂಟೆಗೊಮ್ಮೆ. ಹಾಸಿಗೆ ಒಳ್ಳೆಯದಿದ್ದು ಚರ್ಮ ಆರೋಗ್ಯವಾಗಿದ್ದರೆ ಸ್ವಲ್ಪ ಹೆಚ್ಚು ಹೊತ್ತು ಬಿಡಬಹುದು, ಅದನ್ನು ಆ ವ್ಯಕ್ತಿಯನ್ನು ನೋಡಿ ತೀರ್ಮಾನಿಸಬೇಕು. ಕುರ್ಚಿಯಲ್ಲಿ ಕೂತವರಿಗೆ ಇನ್ನೂ ಬೇಗ ಬೇಗ ಬದಲಿಸಬೇಕು. ಕೂತಾಗ ಇಡೀ ಭಾರ ಕುಂಡೆಯ ಮೂಳೆ ಮೇಲೆ ಬೀಳುತ್ತದೆ.

"ಬ್ರೇಡನ್ ಸ್ಕೋರ್ ಎಷ್ಟು?" ಅಂತ ಅಲ್ಲಿಯ ನರ್ಸನ್ನು ಕೇಳು. 1987ರಿಂದ ಬಳಕೆಯಲ್ಲಿರುವ ಅಳತೆ ಇದು, 6ರಿಂದ 23ರವರೆಗೆ ಅಂಕ. 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹುಣ್ಣಾಗುವ ಅಪಾಯ ಇದೆ ಅಂತ ಲೆಕ್ಕ. ಉತ್ತರ ಎಷ್ಟೇ ಬರಲಿ, ಲೆಕ್ಕ ಹಾಕಿದ್ದಾರಾ ಅನ್ನೋದು ಗೊತ್ತಾಗುತ್ತದೆ.

ತೂಕದ ಪುಸ್ತಕವನ್ನೂ ಕೇಳು. ಒಂದು ತಿಂಗಳಲ್ಲಿ ಶೇ 5, ಅಥವಾ ಆರು ತಿಂಗಳಲ್ಲಿ ಶೇ 10 ಇಳಿದರೆ ಅದು ವಯಸ್ಸಲ್ಲ, ಕಾರಣ ಹುಡುಕಬೇಕಾದ ವಿಷಯ. 50 ಕೆ.ಜಿ. ಇದ್ದವರು ತಿಂಗಳಲ್ಲಿ ಎರಡೂವರೆ ಕೆ.ಜಿ. ಇಳಿದರೆ ಸಾಕು, ಡಾಕ್ಟರಿಗೆ ಹೇಳಬೇಕು.

ರಾತ್ರಿಪಾಳಿ

ನಾನು ಇಂಥ ಜಾಗದಲ್ಲಿ ತುಂಬಾ ವರ್ಷ ರಾತ್ರಿ ಪಾಳಿ ಮಾಡಿದವಳು. ಈಗ ಬಿಟ್ಟಿದ್ದೇನೆ. ಅಕ್ಕಾ, ಬಿಸಿಲಿರುವಾಗಲೇ ಯಾಕೆ ಮಲಗಿಸುತ್ತಾರೆ ಅಂತ ನಾನು ಹೇಳುತ್ತೇನೆ. ರಾತ್ರಿಗೆ ಜನ ಕಡಿಮೆ. ಹಗಲಿನವರು ಹೋಗುವ ಮೊದಲು ಎಲ್ಲರ ಬಟ್ಟೆ ಬದಲಿಸಿ, ಡೈಪರ್ ಹಾಕಿ, ಮಲಗಿಸಿ ಹೋಗಬೇಕು. ಇಲ್ಲದಿದ್ದರೆ ರಾತ್ರಿಯವರ ಕೈಲಿ ಆಗುವುದಿಲ್ಲ. ಅಮ್ಮನಿಗೆ ನಿದ್ದೆ ಬಂತು ಅಂತ ಮಲಗಿಸಿದ್ದಲ್ಲ. ಪಾಳಿ ಬದಲಾಗುವ ಹೊತ್ತಾಯಿತು ಅಂತ ಮಲಗಿಸಿದ್ದು.

ಲೆಕ್ಕ ನೋಡಿ. ಎದ್ದು ಓಡಾಡಲಾಗದ 20 ಜನ, ನೋಡಿಕೊಳ್ಳಲು ಒಬ್ಬಳು. ಒಬ್ಬರ ಡೈಪರ್ ಬದಲಿಸಿ, ಒರೆಸಿ, ಮಗ್ಗುಲು ತಿರುಗಿಸಿ, ದಿಂಬು ಇಡಲು 15 ನಿಮಿಷ ಅಂದುಕೊಳ್ಳಿ. ಒಂದು ಸುತ್ತು ಮುಗಿಸಲು 5 ಗಂಟೆ. ಹಾಗಿರುವಾಗ 2 ಗಂಟೆಗೊಮ್ಮೆ ತಿರುಗಿಸಿದೆವು ಅಂತ ಯಾರಾದರೂ ಬರೆದರೆ ಅದು ನಿಜವಾಗಲು ಸಾಧ್ಯವೇ ಇಲ್ಲ. ಪಾಳಿಯ ಕೊನೆಗೆ ಕೂತು, ಒಂದೇ ಪೆನ್ನಿನಲ್ಲಿ, 10 ಗಂಟೆ, 12 ಗಂಟೆ, 2 ಗಂಟೆ ಅಂತ ಸಾಲಾಗಿ ತುಂಬಿಸಿರುತ್ತಾರೆ. ಆ ಚಾರ್ಟ್ ನೋಡಿದರೆ ನಿಮಗೇ ಗೊತ್ತಾಗುತ್ತದೆ. ನಿಜವಾಗಿ ತಿರುಗಿಸಿದವರ ಚಾರ್ಟಿನಲ್ಲಿ 10.20, 12.45, ಎಡ ಮಗ್ಗುಲು, ಬಲ ಮಗ್ಗುಲು, ಒದ್ದೆ ಇತ್ತು, ಒಣಗಿತ್ತು ಅಂತ ಹೆಚ್ಚುಕಮ್ಮಿ ಇರುತ್ತದೆ.

ಅದಕ್ಕೇ "ನಿಮ್ಮಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ" ಅಂತ ಕೇಳಬೇಡಿ. "ರಾತ್ರಿ 2 ಗಂಟೆಗೆ ಈ ಮಹಡಿಯಲ್ಲಿ ಎದ್ದಿರುವವರು ಎಷ್ಟು ಜನ" ಅಂತ ಕೇಳಿ. ಭಾನುವಾರ ಸಂಜೆ ಎಷ್ಟು ಜನ ಅಂತ ಕೇಳಿ. ಒಬ್ಬರು ರಜೆ ಹಾಕಿದರೆ ಬದಲಿ ಬರುತ್ತಾರಾ, ಇಲ್ಲಾ ಇದ್ದವರೇ ಹಂಚಿಕೊಳ್ಳುತ್ತಾರಾ ಅಂತ ಕೇಳಿ.

ಆಯಾಗಳ ಮೇಲೆ ಕೋಪ ಮಾಡಿಕೊಳ್ಳುವ ಮೊದಲು ಇದು ತಿಳಿದಿರಲಿ ಅಂತ ಬರೆದೆ. ನಿಧಾನವಾಗಿ ನುಂಗುವ ಒಬ್ಬರಿಗೆ ಸರಿಯಾಗಿ ಊಟ ಮಾಡಿಸಲು ಅರ್ಧ ಗಂಟೆ ಮುಕ್ಕಾಲು ಗಂಟೆ ಬೇಕು. ಆರು ಜನಕ್ಕೆ ತಿನ್ನಿಸುವವಳು ಏನು ಮಾಡುತ್ತಾಳೆ? ನಾಲ್ಕು ತುತ್ತಿಗೆ ಬಾಯಿ ಮುಚ್ಚಿದರೆ "ಬೇಡವಂತೆ" ಅಂದು ಮುಂದಿನವರ ಹತ್ತಿರ ಹೋಗುತ್ತಾಳೆ. ಅಮ್ಮನ ತೂಕ ಅಲ್ಲೂ ಹೋಗಿರಬಹುದು.

ದೂರದ ಮಗ

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ ಅನಿಸಿತು. ನಮ್ಮ ತಂದೆ ಇರುವ ಕಡೆ ನನಗೆ ತೃಪ್ತಿ ಇದೆ. ವಯಸ್ಸಾದಾಗ ದೇಹ ಇಳಿಯುವುದು ಸಹಜ ಅಲ್ವಾ? ಎಲ್ಲವನ್ನೂ ನಿರ್ಲಕ್ಷ್ಯ ಅಂದರೆ ಒಳ್ಳೆಯವರೂ ಈ ಕೆಲಸ ಬಿಟ್ಟು ಹೋಗುತ್ತಾರೆ.

ನನ್ನ ದೂರು ಒಂದೇ. ತಂದೆ ಎರಡು ಸಲ ಬಿದ್ದರು. ಹಾಸಿಗೆಯ ಎರಡೂ ಬದಿ ಕಂಬಿ ಏರಿಸಿ, ಕುರ್ಚಿಯಲ್ಲಿದ್ದಾಗ ಬೆಲ್ಟ್ ಹಾಕಿ ಅಂದೆ. ಅವರು ಒಪ್ಪಲಿಲ್ಲ. ನಾನು ಬರೆದು ಸಹಿ ಮಾಡಿ ಕೊಡುತ್ತೇನೆ ಅಂದರೂ ಇಲ್ಲ ಅಂದರು. ದೂರದಲ್ಲಿ ಕೂತವನಿಗೆ ರಾತ್ರಿ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಅವರು ಹಾಸಿಗೆಯಲ್ಲಿ ಕ್ಷೇಮವಾಗಿದ್ದಾರೆ ಅಂತ ಗೊತ್ತಿದ್ದರೆ ಸಾಕು ನನಗೆ.

ನಿವೃತ್ತ ಸಿಸ್ಟರ್

ನಿಮ್ಮ ಆತಂಕ ಅರ್ಥವಾಗುತ್ತದೆ ಸರ್. ಆದರೆ ಒಪ್ಪದಿದ್ದದ್ದೇ ಆ ಜಾಗ ಒಳ್ಳೆಯದು ಅನ್ನೋದಕ್ಕೆ ಗುರುತು. ಗೊಂದಲದಲ್ಲಿರುವವರು ಕಂಬಿ ಇದೆ ಅಂತ ಸುಮ್ಮನೆ ಮಲಗುವುದಿಲ್ಲ. ಅದನ್ನು ಹತ್ತಿ ದಾಟಲು ನೋಡುತ್ತಾರೆ. ಹಾಸಿಗೆ ಎತ್ತರದಿಂದ ಬೀಳಬೇಕಾದವರು ಕಂಬಿ ಎತ್ತರದಿಂದ ಬೀಳುತ್ತಾರೆ. ಕಂಬಿಯ ಸಂದಿನಲ್ಲಿ ಕುತ್ತಿಗೆ ಸಿಕ್ಕಿ ಸತ್ತವರೂ ಇದ್ದಾರೆ. ಇನ್ನು ಬೆಲ್ಟ್. ಕಟ್ಟಿ ಕೂರಿಸಿದರೆ ಕೆಲವೇ ವಾರದಲ್ಲಿ ಕಾಲಿನ ಬಲ ಹೋಗುತ್ತದೆ. ಮಲಬದ್ಧತೆ, ಬೆಡ್‌ಸೋರ್, ಕೋಪ ಎಲ್ಲ ಶುರುವಾಗುತ್ತದೆ. ಬಲ ಹೋದ ಕಾಲಿನಲ್ಲಿ ಒಂದು ದಿನ ಎದ್ದಾಗ ಬೀಳುವುದು ಇನ್ನೂ ಜೋರಾಗಿ. ಅಮೆರಿಕದಲ್ಲಿ 1987ರ ಕಾನೂನೇ ಹೇಳುತ್ತದೆ, ಶಿಸ್ತಿಗೋ ಸಿಬ್ಬಂದಿಯ ಅನುಕೂಲಕ್ಕೋ ಯಾರನ್ನೂ ಕಟ್ಟುವ ಹಾಗಿಲ್ಲ ಅಂತ.

ಬಿದ್ದದ್ದು ಯಾವಾಗ, ಎಲ್ಲಿ ಅಂತ ಕೇಳಿ ಸರ್. ರಾತ್ರಿ ಬಾತ್‌ರೂಮಿಗೆ ಎದ್ದಾಗಲಾ? ಹಾಗಿದ್ದರೆ ಮಲಗುವ ಮೊದಲು ಮತ್ತು ನಡುರಾತ್ರಿ ಒಮ್ಮೆ ಕರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿಯಿತು. ಎದ್ದ ಕೂಡಲೇ ತಲೆ ಸುತ್ತುತ್ತದಾ? ಬಿ.ಪಿ. ಮಾತ್ರೆ ನೋಡಬೇಕು, ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿ.ಪಿ. ಅಳೆಯಬೇಕು. ಚಪ್ಪಲಿ ಸಡಿಲವಾ, ಕನ್ನಡಕ ಹಳೆಯದಾ, ಹಾಸಿಗೆ ಎತ್ತರ ಜಾಸ್ತಿಯಾ, ನಿದ್ದೆ ಮಾತ್ರೆ ಕೊಡುತ್ತಿದ್ದಾರಾ? ಪ್ರತಿ ಸಲ ಬಿದ್ದದ್ದಕ್ಕೂ ಏನೋ ಕಾರಣ ಇರುತ್ತದೆ. ಬಿದ್ದ ಮೇಲೆ ಏನನ್ನು ಬದಲಾಯಿಸಿದರು ಅನ್ನೋದನ್ನು ನೋಡಿ ಆ ಜಾಗವನ್ನು ಅಳೆಯಿರಿ.

ಕೊಠಡಿ 9ರ ಟೀಚರ್

ನನಗೆ 80 ದಾಟಿದೆ. ನಾನು ವೃದ್ಧಾಶ್ರಮದಲ್ಲೇ ಇದ್ದೇನೆ. ಇಲ್ಲಿ ಮಕ್ಕಳು ಮಾತಾಡಿದರು, ಸಿಸ್ಟರ್ ಮಾತಾಡಿದರು. ಒಳಗಿರುವವರ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ಮಗಾ, ನಿನ್ನ ತಂದೆ "ಕ್ಷೇಮ"ವಾಗಿರಬೇಕು ಅನ್ನುವ ಆಸೆ ನಿನ್ನದು. ಅವರ ಆಸೆ ಏನು ಅಂತ ಕೇಳಿದೆಯಾ? ನಾನು ಬಿದ್ದರೂ ಪರವಾಗಿಲ್ಲ, ಕಿಟಕಿಯವರೆಗೆ ನನ್ನ ಕಾಲಿನಲ್ಲೇ ಹೋಗುತ್ತೇನೆ ಅಂತ ನನ್ನ ಮಕ್ಕಳಿಗೆ ಹೇಳಿದ್ದೇನೆ.

ಇಲ್ಲಿ ನನಗೆ ಅತಿ ಕಷ್ಟವಾದದ್ದು ಡೈಪರ್ ವಿಷಯ. ನನಗೆ ಬಾತ್‌ರೂಮಿಗೆ ಹೋಗಬೇಕು ಅಂತ ತಿಳಿಯುತ್ತದೆ. ಹಿಡಿದುಕೊಳ್ಳಲು ಒಬ್ಬರಿದ್ದರೆ ಹೋಗಿ ಬರುತ್ತೇನೆ. ಗಂಟೆ ಒತ್ತಿ ಕಾಯುತ್ತೇನೆ. ಬರುವುದು ತಡವಾಗುತ್ತದೆ. ಕೊನೆಗೆ ಬಂದವಳು "ಡೈಪರ್ ಇದೆಯಲ್ಲ ಅಜ್ಜಿ, ಅದರಲ್ಲೇ ಮಾಡಿಬಿಡಿ" ಅನ್ನುತ್ತಾಳೆ. ಆ ಹುಡುಗಿ ಕೆಟ್ಟವಳಲ್ಲ. ಆದರೆ ಆ ಮಾತು ಕೇಳಿದ ದಿನ ನಾನು ಊಟ ಮಾಡಲಿಲ್ಲ. ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಇಲ್ಲಿ ಬಹಳ ಜನ ಹಾಗೆ ಮಾಡುತ್ತಾರೆ. ನೀರು ಕಡಿಮೆ ಕುಡಿದರೆ ಗಂಟೆ ಕಡಿಮೆ ಒತ್ತಬಹುದು.

ಇನ್ನು ಮೇಲಿಂದ ಮೇಲೆ ಆಗುವ ಸಣ್ಣ ವಿಷಯಗಳು. ಬಾಗಿಲು ತಟ್ಟದೆ ಒಳಗೆ ಬರುವುದು. ಸ್ನಾನ ಮಾಡಿಸುವಾಗ ಇಬ್ಬರು ನನ್ನ ಮೇಲಿಂದಲೇ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು. ನನ್ನ ಮಗ ಬಂದಾಗ ನನ್ನ ಆರೋಗ್ಯದ ಬಗ್ಗೆ ನನ್ನೆದುರಿಗೇ ಅವನನ್ನು ಕೇಳುವುದು. ಕೇಳಿದರೆ ನಾನೇ ಹೇಳುತ್ತಿದ್ದೆನಲ್ಲ. ಒಬ್ಬ ಹುಡುಗಿ ಮಾತ್ರ ಸೋಪು ಹಚ್ಚುವ ಮೊದಲು "ನೀರು ಹದವಾಗಿದೆಯಾ ಟೀಚರ್" ಅಂತ ಕೈ ಮೇಲೆ ಹಾಕಿ ಕೇಳುತ್ತಾಳೆ. ಅವಳ ಪಾಳಿ ಇರುವ ದಿನ ಇಡೀ ವರಾಂಡ ನೆಮ್ಮದಿಯಾಗಿರುತ್ತದೆ.

ಒಂದು ಆಶ್ರಮದ ಮ್ಯಾನೇಜರ್

ಟೀಚರ್ ಬರೆದದ್ದನ್ನು ನಮ್ಮ ಸಿಬ್ಬಂದಿಗೆ ಓದಿ ಹೇಳಿದೆ.

ನಾನೊಂದು ಆಶ್ರಮ ನಡೆಸುತ್ತೇನೆ. ರಾತ್ರಿಪಾಳಿಯವರ ಲೆಕ್ಕ ಸರಿಯಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ಇನ್ನೊಂದು ಸೇರಿಸಬೇಕು. ಕೈ ಎಷ್ಟು ಅನ್ನುವಷ್ಟೇ ಮುಖ್ಯ, ಯಾರ ಕೈ ಅನ್ನುವುದು. ಈ ಕೆಲಸದಲ್ಲಿ ಜನ ನಿಲ್ಲುವುದಿಲ್ಲ. ಸೊಂಟ ನೋವು, ಕಡಿಮೆ ಸಂಬಳ, ಬೈಗುಳ. ಹೊಸಬರು ಬಂದಾಗಲೆಲ್ಲ ಎಲ್ಲ ಮೊದಲಿನಿಂದ. ಇವರು ಎಡ ಮಗ್ಗುಲಲ್ಲಿ ಮಲಗಿದರೆ ಮಾತ್ರ ನಿದ್ದೆ ಮಾಡುತ್ತಾರೆ, ಅವರಿಗೆ ಬಲ ಕಿವಿ ಕೇಳುವುದಿಲ್ಲ, ಇವರು ಸುಮ್ಮನಾದರು ಅಂದರೆ ಜ್ವರ ಬರುತ್ತಿದೆ ಅಂತ ಅರ್ಥ. ಇದು ಯಾವ ಫೈಲಿನಲ್ಲೂ ಪೂರ್ತಿ ಇರುವುದಿಲ್ಲ. ನಾವು ಒಂದು ಕೊಠಡಿಗೆ ದಿನಕ್ಕೊಬ್ಬ ಆಯಾಳನ್ನು ಹಾಕುವುದನ್ನು ನಿಲ್ಲಿಸಿ, ಅದೇ ಕೊಠಡಿಗಳಿಗೆ ಅದೇ ಆಯಾಗಳನ್ನು ಹಾಕಲು ಶುರು ಮಾಡಿದ ಮೇಲೆ ಬಹಳ ವ್ಯತ್ಯಾಸ ಕಂಡಿದ್ದೇನೆ.

ಹಿರಿಮಗಳು ಮೇಡಂ, ನಿಮ್ಮ ಭಯದ ಬಗ್ಗೆ. ಮನೆಯವರು ಆಗಾಗ ಬರುವ, ವಿಷಯ ತಿಳಿದು ಕೇಳುವ ವ್ಯಕ್ತಿಯನ್ನು ಯಾರೂ ಕಡೆಗಣಿಸುವುದಿಲ್ಲ. ಯಾರೂ ಬರದವರನ್ನೇ ಕೊನೆಗೆ ನೋಡುವುದು. ಇದು ಒಪ್ಪಿಕೊಳ್ಳಲು ಕಹಿಯಾದರೂ ನಿಜ. ವರಾಂಡದಲ್ಲಿ ಆಯಾ ಮೇಲೆ ಕೂಗಬೇಡಿ. ಕೂತು ಮಾತಾಡಲು ಸಮಯ ಕೇಳಿ. ಹಿಮ್ಮಡಿ, ತೂಕ, ಕರೆಗಂಟೆ, ಈ ಮೂರನ್ನು ದಿನಾಂಕ ಹಾಕಿ ಬರೆದು ಕೊಡಿ. ಏನು ಮಾಡುತ್ತೀರಿ, ಯಾರು ಮಾಡುತ್ತಾರೆ, ಮತ್ತೆ ಯಾವಾಗ ನೋಡೋಣ ಅಂತ ಕೇಳಿ. ಬರಹದಲ್ಲಿ ಬಂದ ದೂರನ್ನು "ಹೀಗೇ ಆಗೋದು" ಅಂತ ತಳ್ಳಿಹಾಕುವುದು ಕಷ್ಟ.

ಹಿರಿಮಗಳು

ಎಲ್ಲರಿಗೂ ಕೈಮುಗಿಯುತ್ತೇನೆ. ನೀವು ಹೇಳಿದಂತೆ ಮಾಡಿದೆ, ಏನಾಯಿತು ಅಂತ ಬರೆಯುತ್ತೇನೆ.

ಹಿಮ್ಮಡಿ ಒತ್ತಿದರೆ ಬಿಳಿಚಲಿಲ್ಲ. ಮೊದಲ ಹಂತ ಅಂತ ಅಲ್ಲಿಯ ನರ್ಸೂ ಒಪ್ಪಿದರು. ಈಗ ದಿಂಬು ಇಡುತ್ತಿದ್ದಾರೆ. ತೂಕದ ಪುಸ್ತಕ ಕೇಳಿದರೆ ಕೆಲವು ತಿಂಗಳಿಂದ ತೂಕವನ್ನೇ ನೋಡಿಲ್ಲ. ನಿಲ್ಲಲಾಗದವರನ್ನು ತೂಗುವ ಕುರ್ಚಿ ಕೆಟ್ಟಿದೆಯಂತೆ.

ಆಮೇಲೆ ಊಟದ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತೆ. ಅಮ್ಮ ಬಾಯಿ ತೆರೆಯುತ್ತಾರೆ, ಅಗಿಯಲು ಹೋಗಿ ಮುಖ ಹಿಂಡುತ್ತಾರೆ. ಹಲ್ಲುಸೆಟ್ ತೆಗೆದು ನೋಡಿದರೆ ಅದು ಅಮ್ಮನದಲ್ಲ! ತೊಳೆಯುವಾಗ ಬೇರೆ ಯಾರದ್ದೋ ಜೊತೆ ಅದಲುಬದಲಾಗಿದೆ. ಒಸಡಿನಲ್ಲಿ ಹುಣ್ಣು. ಎಷ್ಟು ದಿನದಿಂದ ಹೀಗಿತ್ತೋ. ಬಾಯಿಬಿಟ್ಟು ಹೇಳಲಾಗದೆ ಅಮ್ಮ ಊಟ ಬಿಟ್ಟಿದ್ದಾರೆ, ಅದನ್ನು ಇವರು "ಹಸಿವಿಲ್ಲ" ಅಂತ ಬರೆದಿದ್ದಾರೆ. ಆವತ್ತು ಬಂದ ಕೋಪವನ್ನು ಹೇಗೆ ತಡೆದುಕೊಂಡೆನೋ ಗೊತ್ತಿಲ್ಲ. ಬರೆದು ಕೊಟ್ಟೆ.

ಇನ್ನೊಂದು ಕೇಳಬೇಕಿತ್ತು. ಸಂಜೆ ಹೊತ್ತು ಅಮ್ಮ ಕೂಗಾಡುತ್ತಾರೆ ಅಂತ ಏನೋ ಮಾತ್ರೆ ಶುರು ಮಾಡಿದ್ದಾರೆ. ಈಗ ದಿನವಿಡೀ ತೂಕಡಿಸುತ್ತಾರೆ.

ನಿವೃತ್ತ ಸಿಸ್ಟರ್

ಹಲ್ಲುಸೆಟ್ ವಿಷಯ ಓದಿ ಹೊಟ್ಟೆ ಉರಿಯಿತು. ಅದರ ಮೇಲೆ ಹೆಸರು ಬರೆಸಬಹುದು, ಹಲ್ಲಿನ ಡಾಕ್ಟರನ್ನು ಕೇಳು. ಕನ್ನಡಕ, ಕಿವಿಯ ಮಷಿನ್‌ಗೂ ಇದೇ ಗತಿ. ಕಿವಿ ಮಷಿನ್‌ನ ಬ್ಯಾಟರಿ ಮುಗಿದದ್ದನ್ನು ಯಾರೂ ನೋಡದೆ, ಆ ಮನುಷ್ಯ ಮಾತಾಡುವುದಿಲ್ಲ, ಮರೆವು ಜಾಸ್ತಿಯಾಗಿದೆ ಅಂತ ಬರೆದಿದ್ದನ್ನು ನಾನೇ ಕಂಡಿದ್ದೇನೆ. ಬಾಯಿ ತೊಳೆಸುವುದನ್ನೂ ಬಿಡಬೇಡ. ಊಟದ ನಂತರ ಹಲ್ಲುಜ್ಜಿಸಿ ಬಾಯಿ ಸ್ವಚ್ಛ ಮಾಡಿದವರಲ್ಲಿ ನ್ಯುಮೋನಿಯಾ ಕಡಿಮೆಯಾಯಿತು ಅಂತ ಜಪಾನಿನ ವೃದ್ಧಾಶ್ರಮಗಳಲ್ಲಿ ನಡೆದ ಅಧ್ಯಯನ 1999ರಲ್ಲೇ ತೋರಿಸಿದೆ. ಬಾಯಿಯ ಕೊಳೆ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಈಗ ಮಾತ್ರೆ. ಹೆಸರು ಕೇಳಿ ಬರೆದುಕೋ. ಅದು ಮನೋರೋಗಕ್ಕೆ ಕೊಡುವ ಗುಂಪಿನ ಔಷಧವಾಗಿದ್ದರೆ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ವಯಸ್ಸಾದವರಲ್ಲಿ ಅದರಿಂದ ಸಾವಿನ ಅಪಾಯ ಹೆಚ್ಚು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಕಡು ಎಚ್ಚರಿಕೆ ಕೊಟ್ಟಿದೆ, 2008ರಲ್ಲಿ ಅದನ್ನು ಆ ಗುಂಪಿನ ಹಳೆಯ ಔಷಧಗಳಿಗೂ ವಿಸ್ತರಿಸಿತು. ಕೊಡಲೇಬಾರದು ಅಂತಲ್ಲ. ತನಗೋ ಬೇರೆಯವರಿಗೋ ಅಪಾಯವಾಗುವಷ್ಟು ಇದ್ದಾಗ, ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ ಮಾತ್ರ. ಆದರೆ ನೀನಾಗಿ ದಿಢೀರ್ ಅಂತ ನಿಲ್ಲಿಸಬೇಡ, ಡಾಕ್ಟರ ಹತ್ತಿರ ಮಾತಾಡು. ಅಮ್ಮ ಕೂಗಿದ್ದು ಯಾಕೆ ಅಂತ ಯಾರಾದರೂ ನೋಡಿದರಾ? ಒಸಡಿನಲ್ಲಿ ಹುಣ್ಣಿತ್ತು, ಹಿಮ್ಮಡಿ ನೋಯುತ್ತಿತ್ತು. ಮಾತು ಬಾರದವರು ನೋವನ್ನು ಇನ್ನು ಹೇಗೆ ಹೇಳಬೇಕು?

ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಿದರೂ, ಇದ್ದಕ್ಕಿದ್ದಂತೆ ಮಂಕಾದರೂ, ಅದನ್ನು ಅರಳು ಮರಳು ಅಂತ ಬಿಡಬಾರದು. ಸೋಂಕು, ನೀರು ಸಾಲದಿರುವುದು, ಮಲಬದ್ಧತೆ, ಹೊಸ ಮಾತ್ರೆ, ಇವುಗಳಲ್ಲಿ ಒಂದು ಇದ್ದೇ ಇರುತ್ತದೆ ಅಂದುಕೊಂಡು ಹುಡುಕಬೇಕು.

ದೂರದ ಮಗ

ಸಿಸ್ಟರ್, ತಂದೆ ಬಿದ್ದದ್ದು ಎರಡು ಸಲವೂ ರಾತ್ರಿ ಬಾತ್‌ರೂಮಿಗೆ ಎದ್ದಾಗಲೇ. ಈಗ ರಾತ್ರಿ ಒಮ್ಮೆ ಎಬ್ಬಿಸಿ ಕರೆದುಕೊಂಡು ಹೋಗುತ್ತಾರೆ, ಹಾಸಿಗೆಯನ್ನೂ ತಗ್ಗಿಸಿದ್ದಾರೆ. ಟೀಚರಮ್ಮಾ, ನಿಮ್ಮ ಮಾತಿನ ಮೇಲೆ ತಂದೆಯನ್ನು ವಿಡಿಯೊ ಕಾಲ್‌ನಲ್ಲಿ ಕೇಳಿದೆ. "ನನ್ನನ್ನು ಕಟ್ಟಿದರೆ ಅವತ್ತೇ ನನ್ನ ಕಥೆ ಮುಗಿಯಿತು" ಅಂದರು. ಬೆಲ್ಟಿನ ಮಾತನ್ನು ನಾನು ಬಿಟ್ಟೆ. ಭಯ ಮಾತ್ರ ಹೋಗಿಲ್ಲ.

ಕೊಠಡಿ 9ರ ಟೀಚರ್

ಭಯ ಇರಲಿ ಮಗಾ, ಪ್ರೀತಿ ಇದ್ದ ಕಡೆ ಇರುತ್ತದೆ. ಅವರನ್ನು ಇನ್ನೂ ಕೆಲವು ವಿಷಯ ಕೇಳು. ಎಷ್ಟು ಹೊತ್ತಿಗೆ ಏಳಬೇಕು, ಯಾವ ಅಂಗಿ ಹಾಕಬೇಕು, ಯಾರ ಪಕ್ಕ ಕೂರಬೇಕು. ಇಲ್ಲಿ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ಕ್ರಮೇಣ ನಮಗೂ ಏನೂ ಬೇಕು ಅನಿಸುವುದೇ ನಿಂತುಹೋಗುತ್ತದೆ.

ಒಂದು ಆಶ್ರಮದ ಮ್ಯಾನೇಜರ್

ಟೀಚರ್ ಹೇಳಿದ್ದಕ್ಕೆ ಆಧಾರವೂ ಇದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ವೃದ್ಧಾಶ್ರಮದಲ್ಲಿ ನಡೆಸಿದ ಪ್ರಯೋಗ ಪ್ರಕಟವಾಯಿತು. ಒಂದು ಮಹಡಿಯವರಿಗೆ, ನಿಮ್ಮ ಕೊಠಡಿ ಹೇಗಿರಬೇಕು, ಸಮಯ ಹೇಗೆ ಕಳೆಯಬೇಕು ಅನ್ನೋದು ನಿಮ್ಮ ಜವಾಬ್ದಾರಿ ಅಂದರು, ಒಂದು ಗಿಡವನ್ನೂ ಕೊಟ್ಟು ನೀವೇ ನೋಡಿಕೊಳ್ಳಿ ಅಂದರು. ಇನ್ನೊಂದು ಮಹಡಿಯವರಿಗೆ, ಎಲ್ಲವನ್ನೂ ಸಿಬ್ಬಂದಿ ನೋಡಿಕೊಳ್ಳುತ್ತಾರೆ, ಗಿಡಕ್ಕೆ ನೀರನ್ನೂ ಅವರೇ ಹಾಕುತ್ತಾರೆ ಅಂದರು. ಕೆಲವು ವಾರಗಳ ನಂತರ ಮೊದಲ ಮಹಡಿಯವರು ಹೆಚ್ಚು ಚುರುಕಾಗಿ, ಹೆಚ್ಚು ಖುಷಿಯಾಗಿ ಇದ್ದರು. ಸಣ್ಣ ಪ್ರಯೋಗ, ಅದರ ಮೇಲೆ ತುಂಬಾ ಭಾರ ಹೇರಬಾರದು. ಆದರೂ ಆರೈಕೆ ಅಂದರೆ ಎಲ್ಲವನ್ನೂ ನಾವೇ ಮಾಡಿಕೊಡುವುದು ಅಂತ ನಂಬಿದ್ದ ನಮ್ಮಂಥವರು ಅದನ್ನು ಓದಲೇಬೇಕು.

ರಾತ್ರಿಪಾಳಿ

ಹಿರಿಮಗಳು ಅಕ್ಕಾ, ರಾತ್ರಿ ಎಷ್ಟು ಜನ ಇರುತ್ತಾರೆ ಅಂತ ಕೇಳಿದಿರಾ? ಅದೊಂದನ್ನು ನೀವು ಬರೆಯಲಿಲ್ಲ.

ಹಿರಿಮಗಳು

ಕೇಳಿದೆ ತಂಗಿ. "ಸಾಕಷ್ಟು ಜನ ಇದ್ದಾರೆ" ಅಂದರು. ಸಂಖ್ಯೆ ಹೇಳಲಿಲ್ಲ.

ರಾತ್ರಿಪಾಳಿ

ಹಾಗಾದರೆ ಒಂದು ದಿನ ರಾತ್ರಿ ಊಟದ ನಂತರ ಅಮ್ಮನ ಜೊತೆ ಉಳಿಯುತ್ತೇನೆ ಅಂತ ಅನುಮತಿ ಕೇಳಿ. ಕೊಡದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಕೊಟ್ಟರೆ, ತಪ್ಪು ಹಿಡಿಯಲು ಬಂದವರ ಹಾಗೆ ಇರಬೇಡಿ. ರಾತ್ರಿಯವಳ ಹೆಸರು ಕೇಳಿ, ಅಮ್ಮನ ವಿಷಯ ಹೇಳಿ. ಮೊದಲು ಏನು ಕೆಲಸ ಮಾಡುತ್ತಿದ್ದರು, ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ, ಕೂಗಿದಾಗ ಏನು ಮಾಡಿದರೆ ಸಮಾಧಾನವಾಗುತ್ತಾರೆ. ಇದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಸಿಗೆಯ ಹತ್ತಿರ ಅಂಟಿಸಿ. ನಮಗೆ ಇಂಥದ್ದನ್ನು ಯಾರೂ ಹೇಳುತ್ತಿರಲಿಲ್ಲ.

ಸ್ವಿಚ್ಚಿನ ವೈರನ್ನು ದಿಂಬಿನ ಕವರಿಗೆ ಪಿನ್ನಿನಿಂದ ಸಿಕ್ಕಿಸಿ, ಹಾಸಿಗೆ ಬದಲಿಸುವಾಗ ಬೀಳದ ಹಾಗೆ. ಅಮ್ಮನಿಗೆ ಒತ್ತಲು ತಿಳಿಯದಿದ್ದರೆ ಗಂಟೆಯಿಂದ ಪ್ರಯೋಜನ ಇಲ್ಲ. ಆಗ ಗಂಟೆಗೊಮ್ಮೆ ಬಂದು ನೋಡಿ ಹೋಗಬೇಕು ಅಂತ ಅವರ ಆರೈಕೆಯ ಫೈಲಿನಲ್ಲೇ ಬರೆಸಿ.

ಹಿರಿಮಗಳು

ಸರಿ, ಈ ವಾರವೇ ಕೇಳುತ್ತೇನೆ. ಹಾಳೆಯನ್ನು ನನ್ನ ತಂಗಿ ಬರೆಯುತ್ತಿದ್ದಾಳೆ. ತೂಗುವ ಕುರ್ಚಿ ರಿಪೇರಿಯಾಗಿದೆ ಅಂತ ಬೆಳಿಗ್ಗೆ ಫೋನ್ ಬಂತು, ತೂಕ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಮಾತ್ರೆಯ ವಿಷಯಕ್ಕೆ ಡಾಕ್ಟರು ನಾಡಿದ್ದು ಬರುತ್ತಾರೆ. ಸಿಸ್ಟರ್, ಅವರ ಹತ್ತಿರ ಮೊದಲು ಏನು ಕೇಳಲಿ?

ನಿವೃತ್ತ ಸಿಸ್ಟರ್

ಯಾವಾಗ ಶುರು ಮಾಡಿದಿರಿ, ಯಾವ ಕಾರಣಕ್ಕೆ, ಯಾವಾಗ ಕಡಿಮೆ ಮಾಡುತ್ತೀರಿ. ಮೂರನೆಯದಕ್ಕೆ ದಿನಾಂಕ ಬರೆಸಿಕೊಂಡು ಬಾ. ಬಾಯಿ ಹುಣ್ಣಿನ ವಿಷಯ ನೀನೇ ಹೇಳು, ಅದು ಅವರಿಗೆ ಗೊತ್ತಿರಲಿಕ್ಕಿಲ್ಲ.